ಮಗ್ಗದ ಸಪ್ಪಳದಲ್ಲಿ ಯಾವ ಹಾಡು ಕೇಳಿಸುತ್ತೆ?

ನಮ್ಮ ಮನೆಯಲ್ಲಿ ಹಾಡಿನ ವಿಷಯ ಬಂದರೆ ಯಾರಿಗೂ ಯಾರ ಜೊತೆಗೂ ಹೊಂದುವುದಿಲ್ಲ. ಅಪ್ಪನಿಗೆ ಭಜನೆ, ಹಿಂದುಸ್ತಾನಿ. ನನಗೆ ಕ್ಯಾಸೆಟ್ ಕಾಲದ ಸಿನಿಮಾ ಹಾಡು. ಅಕ್ಕನ ಮಗ ಕಾಲೇಜಿಗೆಂದು ನಮ್ಮಲ್ಲೇ ಇದ್ದಾನೆ, ಅವನಿಗೆ ರ‍್ಯಾಪ್ ಬಿಟ್ಟರೆ ಬೇರೇನೂ ರುಚಿಸುವುದಿಲ್ಲ. ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುವ ಹುಡುಗರಿಗೆ ಜಾನಪದ ಡಿಜೆ ಸಾಂಗೇ ಆಗಬೇಕು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಇದೇನು ದೊಡ್ಡ ವಿಶೇಷವಲ್ಲ. ಹತ್ತು ಮನೆ ದಾಟುವಷ್ಟರಲ್ಲಿ ಹತ್ತು ಥರದ ಹಾಡು ಕಿವಿಗೆ ಬೀಳುತ್ತದೆ.

ಜಗಳ ಶುರುವಾಗೋದು ಊಟದ ಹೊತ್ತಿಗೆ. “ಅದು ಹಾಡಲ್ಲೋ ತಮ್ಮಾ, ಬರೇ ಬಡಬಡಿಕಿ” ಅಂತಾರೆ ಅಪ್ಪ. ಅಳಿಯ ಬಿಡ್ತಾನಾ? “ಅಜ್ಜಾ, ನಿಮ್ಮ ಹಾಡಿನ್ಯಾಗ ಒಂದ ಅಕ್ಷರ ಮುಗಿಯೂದ್ರಾಗ ನಮ್ದು ಒಂದ ಪೂರ್ತಿ ಹಾಡ ಮುಗಿತೈತ್ರಿ.” ಇಬ್ಬರ ಮಾತಿಗೂ ನನಗೆ ನಗು ಬರುತ್ತದೆ. ಆದರೆ ಅಪ್ಪನ ಮಾತಿನಲ್ಲಿ ಒಂದು ಸಣ್ಣ ಜಿಗಿತ ಇದೆ. ನನಗೆ ಸೇರೋದಿಲ್ಲ ಅನ್ನೋದು ಒಂದು ಮಾತು. ಅದು ಸಂಗೀತವೇ ಅಲ್ಲ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಬದನೆಕಾಯಿ ಪಲ್ಯ ಒಲ್ಲೆ ಅಂದವನಿಗೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಎರಡನೆಯದಕ್ಕೆ ಕಾರಣ ಕೊಡಲೇಬೇಕು. ಆ ಕಾರಣ ಹುಡುಕಲು ಹೋದರೆ ಮಾತು ಹಾಡನ್ನು ಬಿಟ್ಟು ಬೇರೆ ಕಡೆಗೇ ಹೋಗುತ್ತದೆ. ನನ್ನ ಅನುಮಾನ ಇಷ್ಟೇ: ನಾವು ಹಾಡಿನ ಬಗ್ಗೆ ಜಗಳ ಆಡುತ್ತಿದ್ದೇವೆ ಅಂದುಕೊಂಡಾಗ, ಬಹಳ ಸಲ ಆ ಹಾಡನ್ನು ಎಲ್ಲಿ ನಿಂತು ಕೇಳಿದೆವು ಅನ್ನೋದರ ಬಗ್ಗೆ ಜಗಳ ಆಡುತ್ತಿರುತ್ತೇವೆ.

ಮಗ್ಗದ ಶೆಡ್ಡನ್ನೇ ನೋಡಿ. ನಾಲ್ಕು ಮಗ್ಗ ಒಟ್ಟಿಗೆ ನಡೆದರೆ ಪಕ್ಕದವನ ಜೊತೆ ಮಾತಾಡಲೂ ಕೂಗಬೇಕು. ನೂಲು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುತ್ತಲೇ ಇರುತ್ತದೆ. ನಾಲ್ಕೂ ಮಗ್ಗ ಒಂದೇ ಲಯದಲ್ಲಿ ನಡೆಯೋದಿಲ್ಲ, ಒಂದು ಮುಂದೆ, ಒಂದು ಹಿಂದೆ. ಆ ಗದ್ದಲದಲ್ಲಿ ಅಪ್ಪನ ಇಷ್ಟದ ಆಲಾಪ ಹಾಕಿದರೆ ಏನೂ ಕೇಳುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು, ಚುರುಕಾಗಿ ಸುತ್ತುವ ಮುರ್ಕಿ ಎಲ್ಲ ಲಾಳಿಯ ಬಡಿತದಲ್ಲಿ ಮುಚ್ಚಿಹೋಗುತ್ತದೆ. ರ‍್ಯಾಪ್ ಹಾಕಿದರೆ ಬರೀ ಬೀಟ್ ಕೇಳುತ್ತದೆ, ಮಾತು ಒಂದೂ ತಿಳಿಯೋದಿಲ್ಲ. ಉಳಿಯೋದು ಯಾವುದು? ಏರುದನಿಯಲ್ಲಿ ಹಾಡಿದ, ಒಂದೇ ಸಾಲನ್ನು ತಿರುಗಿ ತಿರುಗಿ ಹೇಳುವ, ಕೆಳಗೆ ದಪ್ಪ ಬೇಸ್ ಇರುವ ಜಾನಪದ ಡಿಜೆ ಸಾಂಗು. ಶೆಡ್ಡಿನ ಹುಡುಗರಿಗೆ ಟೇಸ್ಟ್ ಇಲ್ಲ ಅಂತ ಅಳಿಯ ಹೀಯಾಳಿಸುತ್ತಾನೆ. ಆದರೆ ಅವರು ಆ ಜಾಗಕ್ಕೆ ಹೊಂದುವ ಹಾಡನ್ನೇ ಸರಿಯಾಗಿ ಆರಿಸಿಕೊಂಡಿದ್ದಾರೆ.

ಕಬ್ಬಿನ ಟ್ರ್ಯಾಕ್ಟರಿನದೂ ಇದೇ ಕಥೆ. ಸೀಸನ್ ಶುರುವಾದರೆ ಜಮಖಂಡಿ, ಮುಧೋಳ, ಅಥಣಿ ಕಡೆಯ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಡ್ರೈವರಿನ ತಲೆಯ ಹಿಂದೆ ದೊಡ್ಡ ದೊಡ್ಡ ಸೌಂಡ್ ಬಾಕ್ಸ್ ಕಟ್ಟಿಕೊಂಡು ಬರುತ್ತಾರೆ. ಟ್ರ್ಯಾಕ್ಟರ್ ಕಾಣುವ ಮೊದಲೇ ಹಾಡು ಊರೊಳಗೆ ಬಂದಿರುತ್ತದೆ. ಹಿಂದೆ ಹಾರ್ನ್ ಹೊಡೆದವನ ಸದ್ದು ಅವನಿಗೆ ಕೇಳೋದಿಲ್ಲ, ಅದು ಅಪಾಯವೇ, ಅದನ್ನು ಸಮರ್ಥಿಸಲು ನಾನು ತಯಾರಿಲ್ಲ. ಆದರೆ ರಾತ್ರಿಯಿಡೀ ಎಂಜಿನ್ ಸದ್ದಿನ ಮೇಲೆ ಕೂತು, ಕಾರ್ಖಾನೆಯ ಗೇಟಿನ ಮುಂದೆ ಪಾಳಿ ಹಚ್ಚಿ, ನಿದ್ದೆ ತಡೆದುಕೊಂಡು ಗಾಡಿ ಹೊಡೆಯುವವನಿಗೆ ಮೆಲ್ಲಗಿನ ಭಾವಗೀತೆ ಹಾಕಿಕೋ ಅನ್ನೋದು ಸುಮ್ನೆ ಮಾತು.

ಇನ್ನು ರ‍್ಯಾಪ್ ಎಲ್ಲಿಂದ ಬಂತು ಅಂತ ನೋಡಿದರೆ ಅಲ್ಲೂ ಮೊದಲು ಕಾಣೋದು ಒಂದು ಜಾಗವೇ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಅಂತ ಒಂದು ಅಪಾರ್ಟ್‌ಮೆಂಟ್. 1973ರ ಆಗಸ್ಟ್ 11ರಂದು ಅದರ ಕೆಳಗಿನ ಹಾಲ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದ್ದು ಅವಳ ಅಣ್ಣ ಕ್ಲೈವ್, ಜನ ಕರೆಯುತ್ತಿದ್ದದ್ದು ಡಿಜೆ ಕೂಲ್ ಹರ್ಕ್ ಅಂತ. ಹುಟ್ಟಿದ್ದು ಜಮೈಕಾದಲ್ಲಿ. ಅಲ್ಲಿ ಬೀದಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕುವ ಪದ್ಧತಿ ಮೊದಲಿನಿಂದ ಇತ್ತು. ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡಿನಲ್ಲಿ ಹಾಡುಗಾರ ಸುಮ್ಮನಾಗಿ ಬರೀ ಡ್ರಮ್ ನಡೆಯುವ ಜಾಗ ಬಂದಾಗಲೇ ಹುಡುಗರು ಮೈಮರೆತು ಕುಣಿಯುತ್ತಿದ್ದರು. ಆ ತುಣುಕು ಇರೋದು ಕೆಲವೇ ಸೆಕೆಂಡ್. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿದ ಕೂಡಲೇ ಇನ್ನೊಂದರಲ್ಲಿ ಶುರು ಮಾಡಿ, ಡ್ರಮ್ಮನ್ನು ಬೇಕಾದಷ್ಟು ಹೊತ್ತು ಎಳೆದ. ಆ ಡ್ರಮ್ಮಿನ ಮೇಲೆ ಮೈಕಿನಲ್ಲಿ ಗೆಳೆಯರ ಹೆಸರು ಕೂಗೋದು, ಕುಣಿಯುವವರಿಗೆ ಹುರುಪು ತುಂಬೋದು ಶುರುವಾಯಿತು. ಮಾತು ಬೆಳೆದು ಪ್ರಾಸವಾಯಿತು, ಪ್ರಾಸ ಬೆಳೆದು ಕಥೆಯಾಯಿತು. 1982ರ ಹೊತ್ತಿಗೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವವನ ರ‍್ಯಾಪ್ ತಂಡ ಒಡೆದ ಗಾಜು, ಬಿಟ್ಟು ಹೋಗಲು ದುಡ್ಡಿಲ್ಲದ ಮನೆ, ಕೆಲಸವಿಲ್ಲದ ಬದುಕು ಇದನ್ನೇ ಹಾಡು ಮಾಡಿತ್ತು.

ಅಂದರೆ ರ‍್ಯಾಪಿನಲ್ಲಿ ರಾಗ ಕಡಿಮೆ ಇರೋದು ಹಾಡಲು ಬಾರದವರು ಮಾಡಿದ್ದಕ್ಕಲ್ಲ. ಅದು ಹುಟ್ಟಿದ ಹಾಲ್‌ನಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಡ್ರಮ್ಮು ಮತ್ತು ಮಾತು. ಅದನ್ನೇ ಅವರು ಬೆಳೆಸಿದರು.

ಇದನ್ನು ಹೇಳಿದರೆ ಈಗ ಎಲ್ಲರೂ ಒಂದು ಮಾತು ಹೇಳುತ್ತಾರೆ: “ನಮ್ಮ ಗೀಗೀ ಪದಾನೂ ರ‍್ಯಾಪೇ ಅಲ್ವಾ?” ಕೇಳೋಕೆ ಚೆನ್ನಾಗಿದೆ. ಅರ್ಧ ನಿಜವೂ ಹೌದು. ಗೀಗೀ ಪದದಲ್ಲಿ ಎದುರುಬದುರು ಹಾಡುವ ಹರದೇಶಿ-ನಾಗೇಶಿ ಮೇಳ ಕೇಳಿದವರಿಗೆ ಆ ಅರ್ಧ ತಕ್ಷಣ ತಿಳಿಯುತ್ತದೆ. ಜಾತ್ರೆಯ ರಾತ್ರಿ ಎರಡು ಮೇಳ ಎದುರುಬದುರು. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಅಂತ ಹಾಡಬೇಕು. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಅಂತ ಹಾಡಬೇಕು. ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ಜವಾಬು ಕೊಡಬೇಕು, ಅದೂ ಹಾಡಿನಲ್ಲೇ, ಅಲ್ಲೇ. ಜವಾಬು ಹೊಳೆಯದಿದ್ದರೆ ಜನ ಬಿಡೋದಿಲ್ಲ. ಬೆಳಗಾಗುವ ತನಕ ಇದೇ ನಡೆಯುತ್ತದೆ. ಎದುರಿನವನನ್ನು ಮಾತಲ್ಲಿ ಕೆಡವೋದು, ತನ್ನ ಗುರುವಿನ ಹೆಸರು, ಊರಿನ ಹೆಸರು ಹಾಡಿನೊಳಗೆ ಸೇರಿಸೋದು ಎಲ್ಲ ರ‍್ಯಾಪಿನವರಿಗೆ ಗುರುತು ಸಿಗುವ ಪಟ್ಟುಗಳೇ. ಒಂದು ಜಾತ್ರೆಗೆ ಅಳಿಯನನ್ನು ಎಳೆದುಕೊಂಡು ಹೋಗಿದ್ದೆ. ನಾಗೇಶಿ ಮೇಳದ ಹೆಣ್ಣುಮಗಳು ಬಲಗೈಯಲ್ಲಿ ಡಪ್ಪು ಎತ್ತಿ, ಸೆರಗು ಸೊಂಟಕ್ಕೆ ಸಿಗಿಸಿ, “ಹೆಣ್ಣ ಇಲ್ಲದ ನೀ ಹುಟ್ಟಿ ಬಂದೇನು?” ಅನ್ನುವ ಅರ್ಥದಲ್ಲಿ ಒಂದು ಸಾಲು ಬಿಟ್ಟಳು ನೋಡಿ, ಹಿಂದೆ ಕೂತಿದ್ದ ಹೆಂಗಸರ ಗುಂಪು ಹೋ ಅಂತ ಕೂಗಿತು. ಅಳಿಯ ಎದ್ದು ನಿಂತುಬಿಟ್ಟಿದ್ದ.

ಆದರೆ ಇನ್ನರ್ಧ ಬೇರೆ. ಅದು ಯಾರೂ ಗಮನಿಸದ ಒಂದು ಸಣ್ಣ ವಿಷಯದಲ್ಲಿದೆ. ಗೀಗೀ ಮೇಳದಲ್ಲಿ ಮುಂದಿನವರು ಒಂದೆರಡು ಸಾಲು ಹೇಳಿದ ಕೂಡಲೇ ಹಿಮ್ಮೇಳದವರು ಅದನ್ನು ಎತ್ತಿಕೊಂಡು ‘ಗೀಯ ಗೀಯ’ ಅಂತ ದನಿಗೂಡಿಸಿ ಸೂರು ಹಿಡಿಯುತ್ತಾರೆ. ತುಂತುಣಿ, ತಾಳ ಜೋರಾಗುತ್ತವೆ. ಸುಮ್ನೆ ಅಲಂಕಾರಕ್ಕೆ ಇಟ್ಟದ್ದು ಅಂತ ನಾವು ತಿಳಿಯುತ್ತೇವೆ. ಅಲ್ಲ. ಮೈಕ್ ಇಲ್ಲದ ಕಾಲದಲ್ಲಿ, ಬಯಲಿನಲ್ಲಿ, ಚಕ್ಕಡಿಯ ಮೇಲೆ ದೂರ ಕೂತವನಿಗೆ ಆ ಸಾಲು ತಲುಪಬೇಕು. ತಲುಪಿದ ಮೇಲೆ ಅವನು ಅದನ್ನು ಮೆಲುಕು ಹಾಕಬೇಕು. ಪಕ್ಕದವನ ಕಡೆ ತಿರುಗಿ “ಏನಂದ್ಲು?” ಅಂತ ಕೇಳಬೇಕು, ಅವನು ಹೇಳಬೇಕು, ಇಬ್ಬರೂ ನಗಬೇಕು. ಇಷ್ಟಕ್ಕೂ ಬೇಕಾದ ಸಮಯವನ್ನು ಆ ಗೀಯ ಗೀಯ ಕೊಡುತ್ತದೆ. ಹಾಡುವವರಿಗೂ ಮುಂದಿನ ಸಾಲು ಜೋಡಿಸಿಕೊಳ್ಳಲು ಉಸಿರು ಸಿಗುತ್ತದೆ.

ರ‍್ಯಾಪಿನಲ್ಲಿ ಈ ಬಿಡುವಿಲ್ಲ. ಹದಿನಾರು ಬಾರ್, ಅಂದರೆ ಹದಿನಾರು ತಾಳದ ಸುತ್ತು, ಮುಗಿಯುವವರೆಗೆ ಸಾಲಿನ ಮೇಲೆ ಸಾಲು. ಒಂದು ತಪ್ಪಿದರೆ ಅದನ್ನು ಹುಡುಕುವಷ್ಟರಲ್ಲಿ ಮೂರು ಮುಂದೆ ಹೋಗಿರುತ್ತವೆ. ಇಯರ್‌ಫೋನ್ ಹಾಕಿಕೊಂಡು, ಮೊಬೈಲಿನಲ್ಲಿ ಸಾಹಿತ್ಯ ಓದುತ್ತಾ, ಹಿಂದೆ ಎಳೆದು ಹತ್ತು ಸಲ ಕೇಳುವ ಅಳಿಯನಿಗೆ ಇದು ತೊಂದರೆ ಅಲ್ಲ, ಮಜಾ. ಊಟದ ಕೋಣೆಯಲ್ಲಿ ದೂರದಿಂದ ಒಂದೇ ಸಲ ಕೇಳುವ ಅಪ್ಪನಿಗೆ ಅದು ಬಡಬಡಿಕೆಯೇ. ಅಪ್ಪ ಹೇಳೋದು ಸುಳ್ಳಲ್ಲ. ಅವರು ಕೂತ ಜಾಗದಿಂದ ಅದು ಹಾಗೇ ಕೇಳುತ್ತದೆ.

ಇದಕ್ಕೆ ಇನ್ನೂ ಒಳ್ಳೆ ಪರೀಕ್ಷೆ ಬೇಕಿದ್ದರೆ ವಿಜಯಪುರದ ಗೋಲಗುಮ್ಮಟಕ್ಕೆ ಹೋಗಬೇಕು. 1656ರಲ್ಲಿ ಮುಗಿದ ಮಹಮ್ಮದ್ ಆದಿಲ್ ಶಾಹನ ಗೋರಿ ಅದು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವನಿಗೆ ಕೇಳುತ್ತದೆ. ಒಂದು ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ತಿರುಗಿ ಬರುತ್ತದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅಳಿಯ ಅಲ್ಲಿ ತನ್ನ ಅತಿ ವೇಗದ ಎರಡು ಸಾಲು ಹೊಡೆದ. ಏನಾಯಿತು ಅಂತೀರಿ? ಮೊದಲ ಮಾತು ತಿರುಗಿ ಬರುವಷ್ಟರಲ್ಲಿ ಇವನು ಮುಂದಿನ ಮಾತಿನಲ್ಲಿ. ಎಲ್ಲ ಒಂದರ ಮೇಲೊಂದು ಬಿದ್ದು ಬರೀ ಗುಂಯ್ ಅನ್ನುವ ಗದ್ದಲ. ಸ್ವಲ್ಪ ಹೊತ್ತಿಗೆ ಪಂಢರಪುರಕ್ಕೆ ಹೊರಟಿದ್ದ ವಾರಕರಿಗಳ ಗುಂಪೊಂದು ಮೇಲೆ ಬಂತು. ಅದರಲ್ಲೊಬ್ಬ ಅಜ್ಜ ಟೋಪಿ ಸರಿ ಮಾಡಿಕೊಂಡು ಉದ್ದಕ್ಕೆ “ವಿಠ್ಠಲಾ” ಅಂದ. ಗುಮ್ಮಟ ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲೇ ಇಲ್ಲ. ಅಳಿಯ ಮುಖ ಸಣ್ಣದು ಮಾಡಿ “ಈ ಬಿಲ್ಡಿಂಗು ಅವರ ಪಾರ್ಟಿ” ಅಂದ. ಸರಿಯಾಗೇ ಹೇಳಿದ. ಅದೇ ಅಜ್ಜನನ್ನು ಕರೆದುಕೊಂಡು ಹೋಗಿ ನಮ್ಮ ಮಗ್ಗದ ಶೆಡ್ಡಿನಲ್ಲಿ ನಿಲ್ಲಿಸಿದ್ದರೆ ಅವರ ವಿಠ್ಠಲ ಲಾಳಿಯ ಸಪ್ಪಳ ದಾಟುತ್ತಿರಲಿಲ್ಲ.

ಜಾಗ ಮಾತ್ರ ಅಲ್ಲ, ಮೈಯೂ ಹಾಡನ್ನು ತಿದ್ದುತ್ತದೆ. ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು 1924ರಲ್ಲಿ, ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ದೊಡ್ಡ ಹೆಸರು. ಆಮೇಲೆ ಕ್ಷಯ ಬಂತು. 1948ರಲ್ಲಿ ಹವೆಗಾಗಿ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ವರ್ಷಗಟ್ಟಲೆ ಹಾಸಿಗೆ, ಹಾಡುವಂತಿಲ್ಲ. ಮಲಗಿದ್ದಲ್ಲಿಂದಲೇ ಬೀದಿಯಲ್ಲಿ ಹೋಗುವವರ ಮಾಳವಾ ಜಾನಪದ ಹಾಡು ಕೇಳಿದರು. ಎದ್ದ ಮೇಲೆ ಹಾಡಿದ್ದು ಸಣ್ಣ ಸಣ್ಣ ತುಣುಕುಗಳಲ್ಲಿ, ಒಮ್ಮೆಲೇ ಚಿಮ್ಮಿ ನಿಲ್ಲುವ ದನಿಯಲ್ಲಿ. ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಮಡಿವಂತ ರಸಿಕರು ಆಗ ಸುಮ್ಮನಿರಲಿಲ್ಲ, ಘರಾಣೆಯ, ಅಂದರೆ ಗುರುಪರಂಪರೆಯ, ಶಿಸ್ತು ಮುರಿದರು ಅಂತ ಬೇಸರ ಮಾಡಿಕೊಂಡರು. ಅಪ್ಪನ ಕಪಾಟಿನಲ್ಲಿ ಇವತ್ತು ಎಲ್ಲಕ್ಕಿಂತ ಜೋಪಾನವಾಗಿರೋದು ಅವರ ಕ್ಯಾಸೆಟ್ಟುಗಳೇ! ಇದನ್ನು ನೆನಪಿಸಿದರೆ ಅಪ್ಪ, “ಅವರು ಮೊದಲು ಕಲತು ಆಮೇಲೆ ಮುರದ್ರು. ಇವರು ಕಲಿಯೂಕಿಂತ ಮೊದಲ ಮುರಿತಾರ” ಅಂತಾರೆ. ಈ ಮಾತನ್ನು ತಳ್ಳಿಹಾಕೋದು ಅಷ್ಟು ಸುಲಭ ಅಲ್ಲ.

ಯಾಕೆಂದರೆ ಕನ್ನಡ ರ‍್ಯಾಪಿನಲ್ಲಿ ಸೋಮಾರಿತನ ಜಾಸ್ತಿ ಇದೆ, ಅದನ್ನು ಹೇಳಬೇಕು. ಇಂಗ್ಲಿಷಿನಲ್ಲಿ ಸಾಲಿನ ಕೊನೆಗೆ ಯಾವ ಪದ ಬೇಕಾದರೂ ಬರಬಹುದು, ಪ್ರಾಸ ಹೊಂದಿಸಲು ಬೆವರು ಸುರಿಸಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರ್ತೀನಿ, ಹೋಗ್ತೀನಿ, ಹೊಡೀತೀನಿ, ಕುಡೀತೀನಿ. ಪ್ರಾಸ ಬಿಟ್ಟಿ ಸಿಗುತ್ತದೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಕೊನೆಗೆ ಇಡದೆ ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಇಟ್ಟರು, ಬಿಟ್ಟಿ ಸಿಗದ ಜಾಗ ಅದು. ಲಾವಣಿಯವರು ಕೊನೆಯ ಪ್ರಾಸವನ್ನೂ ಬಳಸಿದರು, ಆದರೆ ಸಾಲಿನ ನಡುವೆ ಇನ್ನೊಂದನ್ನು ಹೆಣೆದು ಅದಕ್ಕೆ ತೂಕ ಕೊಟ್ಟರು. ಈಗಿನ ಒಳ್ಳೆಯ ರ‍್ಯಾಪರುಗಳೂ ಒಳಪ್ರಾಸ ಹೆಣೆಯುತ್ತಾರೆ. ಉಳಿದವರು ತೀನಿ-ತೀನಿ ಅಂತ ಹತ್ತು ಸಾಲು ತಳ್ಳಿ ಹಾಡು ಮುಗಿಸುತ್ತಾರೆ. ಎಣ್ಣೆ, ಕಾರು, ಹುಡುಗಿ ಬಿಟ್ಟು ಬೇರೆ ವಿಷಯವೇ ಇಲ್ಲದವರ ಬಗ್ಗೆ ನನಗೂ ಬೇಸರವೇ. ಆದರೆ ಆ ಬೇಸರ ಜಾನಪದ ಡಿಜೆಯ ಡಬಲ್ ಮೀನಿಂಗ್ ಸಾಲಿಗೂ ಅನ್ವಯಿಸಬೇಕು, ನನ್ನ ಕ್ಯಾಸೆಟ್ ಕಾಲದ ಕೆಲವು ಹಾಡುಗಳಿಗೂ. ಅವನ್ನು ಈಗ ಮಕ್ಕಳ ಮುಂದೆ ಹಾಕಲು ನನಗೇ ಮುಜುಗರ. ಹಳೆಯ ಲಾವಣಿಗಳಲ್ಲೂ ಶೃಂಗಾರ ಎಲ್ಲೆ ಮೀರಿದವು ಇದ್ದವು, ಅವು ಪಠ್ಯಪುಸ್ತಕದೊಳಗೆ ಬರಲಿಲ್ಲ ಅಷ್ಟೇ.

2018 ಒಂದು ತಮಾಷೆಯ ವರ್ಷ. ಜನವರಿಯಲ್ಲಿ ರ‍್ಯಾಪರ್ ಚಂದನ್ ಶೆಟ್ಟಿ ಬಿಗ್ ಬಾಸ್ ಕನ್ನಡದ ಐದನೇ ಸೀಸನ್ ಗೆದ್ದರು. ನಮ್ಮ ಓಣಿಯ ಅಜ್ಜಿಯರಿಗೂ ರ‍್ಯಾಪ್ ಅನ್ನುವುದೊಂದು ಇದೆ ಅಂತ ತಿಳಿದದ್ದು ಆಗ. ಏಪ್ರಿಲ್‌ನಲ್ಲಿ ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಅಲ್ಲಿನ ದೊಡ್ಡ ಬಹುಮಾನ, ಸಂಗೀತದ ಪುಲಿಟ್ಜರ್ ಬಂತು. ಅಲ್ಲಿಯವರೆಗೆ ಆ ಬಹುಮಾನ ಶಾಸ್ತ್ರೀಯ ಮತ್ತು ಜಾಝ್ ದಾಟಿ ಹೊರಗೆ ಹೋಗಿರಲಿಲ್ಲ. ಅಳಿಯ ಈ ಪುಲಿಟ್ಜರ್ ಮಾತನ್ನು ತಿಂಗಳಿಗೊಮ್ಮೆ ಅಪ್ಪನ ಮುಂದೆ ತೆಗೆಯುತ್ತಾನೆ. ನನಗೆ ಅದು ದುರ್ಬಲ ವಾದ ಅನಿಸುತ್ತದೆ. ಬಹುಮಾನ ಬಂದದ್ದಕ್ಕೆ ಸಂಗೀತ ಅಂತ ಒಪ್ಪಬೇಕಾದರೆ, ಒಂದೂ ಬಹುಮಾನ ಬಾರದ ಡಪ್ಪಿನ ಹೆಣ್ಣುಮಗಳನ್ನು ಎಲ್ಲಿ ಇಡೋಣ?

ಇನ್ನೊಂದು ಮಾತು. ಅಪ್ಪ ರ‍್ಯಾಪನ್ನು ಹೀಯಾಳಿಸುವಾಗ ಅಳಿಯನಿಗೆ ಸಿಟ್ಟು ಬರುತ್ತದೆ, ಹಳೇ ಕಾಲದವರು, ಬೆಳೆಯೋದಿಲ್ಲ ಅಂತಾನೆ. ಅದೇ ಬಾಯಲ್ಲಿ ಟ್ರ್ಯಾಕ್ಟರ್ ಹಾಡು ಬಂದ ಕೂಡಲೇ “ಕ್ರಿಂಜ್” ಅಂದು ಕಿವಿ ಮುಚ್ಚುತ್ತಾನೆ. ಅಪ್ಪ ಅವನಿಗೆ ಹೇಳುವ ಮಾತನ್ನೇ ಅವನು ಶೆಡ್ಡಿನ ಹುಡುಗರಿಗೆ ಹೇಳುತ್ತಾನೆ: ಅರ್ಥ ಇಲ್ಲ, ಬರೀ ಸದ್ದು. ಶೆಡ್ಡಿನ ಹುಡುಗರು ತಿರುಗಿಸಿ, “ನಿಮ್ಮ ರ‍್ಯಾಪು ಬೆಂಗಳೂರಿನ್ಯಾಂವ ಇಂಗ್ಲಿಷ್‌ನ್ಯಾಗ ಜಗಳಾಡಿದಂಗ ಐತಿ” ಅಂತಾರೆ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಜಾನಪದ ಡಿಜೆಯವರು ನಮ್ಮ ಓಣಿಯ ಕನ್ನಡದಲ್ಲೇ ಹಾಡುತ್ತಾರೆ. ಹಾಡಿನಲ್ಲಿ ಎಷ್ಟೇ ಹುಳುಕು ಇರಲಿ, ಕೇಳುವವನಿಗೆ ಅದು ತನ್ನ ಮನೆಯ ಮಾತು.

ಅಳಿಯನಿಗೆ ಅದು ನಾಟಿತೋ ಏನೋ. ಇತ್ತೀಚೆಗೆ ಅವನು ಬರೆಯೋದು ಬನಹಟ್ಟಿ ಮಾತಿನಲ್ಲೇ. ಹಲಗಲಿ ಬೇಡರ ಲಾವಣಿ ಓದಿ ತಲೆಗೆ ಹುಳ ಬಿಟ್ಟುಕೊಂಡಿದ್ದಾನೆ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಬ್ರಿಟಿಷ್ ಸರ್ಕಾರ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ದಂಡು ಬಂದು ಊರನ್ನೇ ಸುಟ್ಟಿತು. ಊರವರ ಕಡೆಯಿಂದ ಆ ಸುದ್ದಿಯನ್ನು ದಾಟಿಸಿದ್ದು ಲಾವಣಿ. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಯಾರು ಹೋರಾಡಿದರು, ಯಾರು ಸತ್ತರು, ಏನೇನು ಲೂಟಿ ಹೋಯಿತು ಅಂತ ಅದರಲ್ಲಿ ಒಂದೊಂದಾಗಿ ಬರುತ್ತದೆ. “ಮಾಮಾ, ಇದು ಪೂರ್ತಿ ರಿಪೋರ್ಟ್ ಐತಿ” ಅಂದ. ತಾನೂ ಒಂದು ರಿಪೋರ್ಟ್ ಬರೆಯುತ್ತೇನೆ ಅಂತ ಕೂತ. ವಿಷಯ: ನೂಲು, ಮಗ್ಗ, ಕರೆಂಟ್ ಬಿಲ್ಲು, ಸೀರೆಗೆ ಸಿಗುವ ಕೂಲಿ.

ಮೊನ್ನೆ ರವಿವಾರ ಶೆಡ್ ಬಂದ್ ಇತ್ತು. ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಓದಿದ. ಬೀಟ್ ಇಲ್ಲದೆ, ಸ್ವಲ್ಪ ನಿಧಾನಕ್ಕೆ. ಶೆಡ್ಡಿನ ಹುಡುಗರು ಎರಡು ಕಡೆ ನಕ್ಕರು, ಒಂದು ಕಡೆ ಸುಮ್ಮನಾದರು. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳದ ಮಾತ್ರೆ ಎಣಿಸುತ್ತಾ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು, “ತಾಳ ತಪ್ಪಿಲ್ಲ. ಹಾಡು ಅಂತೂ ಅಲ್ಲ. ಏನರ ಇರಲಿ, ನೂಲಿನ ರೇಟ ತಪ್ಪ ಹೇಳೀದಿ ನೋಡು. ಅದು ಹ್ವಾದ ವರ್ಷದ್ದು” ಅಂದರು. ಹುಡುಗರೂ ಹೌದೌದು ಅಂದರು. ಅಳಿಯ ರೇಟು ತಿದ್ದಿಕೊಂಡ. ತಿದ್ದಿದ ಕೂಡಲೇ ಪ್ರಾಸ ಕೆಟ್ಟಿತು. ಈಗ ಹೊಸ ರೇಟಿಗೆ ಹೊಂದುವ ಪದ ಸಿಗದೆ ಒದ್ದಾಡುತ್ತಿದ್ದಾನೆ, ಲಾಳಿಗೆ ನೂಲಿನ ಕಂಡಿಕೆ ಸುತ್ತುವ ನಮ್ಮವ್ವನನ್ನೂ ಬಿಡದೆ ಕೇಳುತ್ತಿದ್ದಾನೆ.